ಗಂಟು ಒಂದಿರಲಿ, ಲೆಕ್ಕ ಬೇರೆ ಇರಲಿ

(ಇಂಡಿ ತಾಲೂಕಿನ ಅಗರಖೇಡದಲ್ಲಿ ರೈತರ ಮುಂದೆ ಆಡಿದ ಮಾತಿನ ಬರಹರೂಪ)



ಧಾರಣಿ ಬಿತ್ತು, ಸಾಲ ಏರಿತು ಅಂತ ನಾವು ಕೂಡಿದಾಗೆಲ್ಲ ಮಾತಾಡುತ್ತೇವೆ. ಅದು ಆಡಲೇಬೇಕಾದ ಮಾತು. ಇವತ್ತು ಮಾತ್ರ ನಾನು ಒಂದು ಸಣ್ಣ ವಿಷಯ ಹಿಡಿದುಕೊಂಡು ಬಂದೇನಿ. ಪಾರ್ಸಲ್ ಕಟ್ಟುವ ವಿಷಯ. ನಗಬ್ಯಾಡ್ರಿ. ಒಬ್ಬನೇ ಗಿರಾಕಿ ಒಂದೇ ವಾರದಾಗ ಮೂರು ಸಲ ಮಾಲು ಕೇಳಿದರೆ ಮೂರು ಗಂಟು ಕಟ್ಟಬೇಕೋ, ಒಂದೇ ಗಂಟು ಕಟ್ಟಬೇಕೋ, ಒಂದೇ ಕಟ್ಟಿದರೆ ಅದರ ಖರ್ಚು ಯಾರ ಹೆಸರಿಗೆ ಬರೆಯಬೇಕು ಅನ್ನುವುದು ಈ ಭೀಮಾ ದಂಡಿಯ ಎಷ್ಟೋ ಮನೆಗಳಲ್ಲಿ ಈಗ ರೊಕ್ಕದ ಪ್ರಶ್ನೆಯಾಗಿ ಕುಂತದ.

ಹೆಂಗ ಅಂತೀರಿ? ನಮ್ಮ ಇಂಡಿ ಭಾಗದ ಲಿಂಬಿಗೆ ಭೌಗೋಳಿಕ ಸೂಚನೆಯ ಮಾನ್ಯತೆ ಸಿಕ್ಕಿತು. ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲೇ ಅದ. ಹೆಸರು ದೊಡ್ಡದಾಯಿತು, ಖರೆ. ಆದರೆ ಮಳೆಗಾಲದಾಗ ಗಿಡದ ತುಂಬ ಕಾಯಿ ಬಂದು ಧಾರಣಿ ಕುಸಿದಾಗ, ಮಾರ್ಕೆಟ್ಟಿಗೆ ಒಯ್ದ ಚೀಲದ ರೊಕ್ಕ ಕಾಯಿ ಹರಿದವರ ಕೂಲಿಗೂ ಸಾಲದೆ ಬರಿಗೈಲೆ ಬಂದವರು ಇಲ್ಲಿಯೂ ಕುಂತೀರಿ. ಅದಕ್ಕೇ ಕೆಲವರು ಮೊಬೈಲ್ ಹಿಡಿದು ನೇರವಾಗಿ ಪ್ಯಾಟಿಯವರಿಗೆ ಮಾರಲಿಕ್ಕೆ ಹತ್ಯಾರ. ಬೆಂಗಳೂರು, ಪುಣೆ, ಮುಂಬಯಿಯಲ್ಲಿ ನೆಲೆಸಿದ ನಮ್ಮ ಕಡೆಯ ಜನಕ್ಕೆ ಊರಿನ ಲಿಂಬಿ ಬೇಕು, ಶೇಂಗಾ ಹಿಂಡಿ ಬೇಕು, ಖಡಕ್ ರೊಟ್ಟಿ ಬೇಕು, ವಿಜಯಪುರದ ಒಣದ್ರಾಕ್ಷಿ ಬೇಕು, ಬಿಳಿ ಜ್ವಾಳ ಬೇಕು. ಅವರು ಕೊಡುವ ಬೆಲೆ ಮಾರ್ಕೆಟ್ಟಿನ ಧಾರಣಿಗಿಂತ ಮೇಲೇ ಇರುತ್ತದೆ. ಹಂಗಿದ್ದರೂ ವರ್ಷದ ಕೊನೆಗೆ ವಹಿ ತೆಗೆದು ನೋಡಿದರೆ, "ಎಷ್ಟು ಗಂಟು ಕಳಿಸಿದಿವಿ, ಉಳಿದದ್ದು ಏನಿಲ್ಲ" ಅಂತಾರ. ಉಳಿಯಬೇಕಾದ ರೊಕ್ಕ ಎಲ್ಲಿ ಹೋತು? ಬಹಳಷ್ಟು ಸಲ ಅದು ಅಂಚೆ ಚೀಟಿಯೊಳಗೆ ಹೋಗಿರುತ್ತದೆ.

ಗಿರಾಕಿ ಅನ್ನುವವರು ಯಾವತ್ತೂ ಒಮ್ಮೆಲೇ ಕೇಳುವುದಿಲ್ಲ. ಸೋಮವಾರ ಯಜಮಾನರು ಫೋನ್ ಮಾಡಿ, "ಒಂದು ಕಿಲೋ ಲಿಂಬಿ ಕಳಿಸ್ರಿ" ಅಂತಾರ. ಬುಧವಾರ ಅವರ ಮನಿಯವರು ಬೇರೆ ನಂಬರಿನಿಂದ, "ಕಾಕಾ, ಒಂದು ಕಿಲೋ ಹಿಂಡಿನೂ ಇರಲಿ" ಅಂತಾರ. ಶುಕ್ರವಾರ ನೆನಪಾಗಿ, "ಒಣದ್ರಾಕ್ಷಿ ಅದೇನ್ರಿ?" ಅಂತ ಕೇಳ್ತಾರ. ಅವರ ಪಾಲಿಗೆ ಇವು ಮೂರು ಮಾತು ಅಷ್ಟೇ. ನಾವು ಮೂರು ಆರ್ಡರ್ ಅಂತ ತಿಳಿದು ಮೂರು ಡಬ್ಬಿ ಕಟ್ಟಿ, ಮೂರು ಸಲ ಅಂಚೆ ಕಚೇರಿಗೆ ಹೋಗಿ, ಮೂರು ಪಾವತಿ ಹರಿಸಿಕೊಂಡು ಬರುತ್ತೇವೆ.

ಮಾರ್ಕೆಟ್ಟಿಗೆ ಮಾಲು ಒಯ್ಯುವಾಗ ನಾವು ಹಿಂಗ ಮಾಡುವುದಿಲ್ಲ ನೋಡ್ರಿ. ಎರಡು ಹೊಲದ ಜ್ವಾಳ ಒಂದೇ ತರದ್ದಿದ್ದರೆ ಒಂದೇ ಗಾಡಿಗೆ ಹೇರುತ್ತೇವೆ. ಬಾಡಿಗೆ ಗಾಡಿಯ ಲೆಕ್ಕ, ಹಮಾಲಿ ಚೀಲದ ಲೆಕ್ಕ ಅನ್ನುವುದು ನಮ್ಮ ಅಜ್ಜಂದಿರ ಕಾಲದಿಂದ ಗೊತ್ತು. ಅರೆ ಚೀಲ ಒಯ್ದವನಿಗೂ ತುಂಬಿದ ಚೀಲದ ಹಮಾಲಿಯೇ ಬೀಳುತ್ತದೆ. ಅಂಚೆಯದೂ ಅದೇ ಕಥೆ. ಅಲ್ಲಿ ಚೀಲದ ಬದಲು ತೂಕದ ಪಾವಟಿಗೆ ಇರುತ್ತವೆ, ಅಷ್ಟೇ ಫರಕು.

ಈ ಪಾವಟಿಗೆಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬ್ಯಾಡ್ರಿ. ಸ್ಪೀಡ್ ಪೋಸ್ಟ್ ನಮ್ಮ ದೇಶದಲ್ಲಿ ಶುರುವಾದದ್ದು 1986ರ ಆಗಸ್ಟ್ 1ಕ್ಕೆ. 2012ರ ಅಕ್ಟೋಬರದಿಂದ 2025ರ ಸೆಪ್ಟೆಂಬರ್ ಮುಗಿಯುವ ತನಕ ಅದರ ದರ ಒಂದೇ ಇತ್ತು. 200 ಕಿಲೋಮೀಟರಿನ ಆಚೆ, 1000 ಕಿಲೋಮೀಟರಿನ ಒಳಗೆ ಕಳಿಸಿದರೆ ಮೊದಲ ಅರ್ಧ ಕಿಲೋಕ್ಕೆ 60 ರೂಪಾಯಿ, ಆಮೇಲಿನ ಪ್ರತಿ ಅರ್ಧ ಕಿಲೋಕ್ಕೆ 30 ರೂಪಾಯಿ, ಅದರ ಮೇಲೆ ತೆರಿಗೆ, ಕೊನೆಯ ವರ್ಷಗಳಲ್ಲಿ ನೂರಕ್ಕೆ 18ರಂತೆ. ಇಲ್ಲಿಂದ ಬೆಂಗಳೂರು ಇದೇ ಅಂತರದೊಳಗೆ ಬರುತ್ತದೆ. 2025ರ ಅಕ್ಟೋಬರ್ 1ರಿಂದ ದರ ಬದಲಾಗ್ಯಾವ. ಅದಕ್ಕೇ ಇವತ್ತಿನ ದರವನ್ನು ಕೌಂಟರಿನಲ್ಲೇ ಕೇಳ್ರಿ, ನಾನು ಹೇಳಿದ ಅಂಕಿ ಹಿಡಿದು ಅಲ್ಲಿ ಜಗಳಕ್ಕೆ ನಿಲ್ಲಬ್ಯಾಡ್ರಿ. ನಾನು ಹಳೆಯ ದರ ತಗೊಂಡದ್ದು ಲೆಕ್ಕದ ರೀತಿ ತಿಳಿಯಲಿ ಅಂತ. ಮೊದಲ ಪಾವಟಿಗೆ ಎತ್ತರ, ಮುಂದಿನವು ಗಿಡ್ಡ. ಹೊಸ ದರಪಟ್ಟಿ ಬಂದಾಗ, ಕೊರಿಯರ್ ಅಂಗಡಿಗೆ ಹೋದಾಗ, ಮೊದಲು ಈ ಎರಡು ಪಾವಟಿಗೆಯ ಎತ್ತರವನ್ನೇ ಕೇಳಬೇಕು.

ಈಗ ನಮ್ಮ ಮೂರು ಆರ್ಡರ್ ತಗೋರ್ರಿ. ಒಂದು ಕಿಲೋ ಮಾಲಿಗೆ ರಟ್ಟಿನ ಡಬ್ಬಿ, ಕಾಗದ, ಅಂಟುಪಟ್ಟಿ ಸೇರಿ ಸುಮಾರು ನೂರೈವತ್ತು ಗ್ರಾಂ ಹೆಚ್ಚಾಗುತ್ತದೆ. ಅಂದರೆ ನೀವು ಒಂದು ಕಿಲೋ ಅಂತ ತಿಳಿದರೂ ತಕ್ಕಡಿ 1 ಕಿಲೋ 150 ಗ್ರಾಂ ಅನ್ನುತ್ತದೆ. ದರ ಒಂದೂವರೆ ಕಿಲೋದ್ದು ಬೀಳುತ್ತದೆ. ಹಳೆಯ ದರದಾಗ ಅದಕ್ಕೆ 120 ರೂಪಾಯಿ. ಮೂರು ಗಂಟಿಗೆ 360. ತೆರಿಗೆ ಸೇರಿ 424 ರೂಪಾಯಿ 80 ಪೈಸೆ. ಅದೇ ಮೂರನ್ನೂ ಒಂದು ಡಬ್ಬಿಯಲ್ಲಿ ಹಾಕಿದರೆ ಮಾಲು 3 ಕಿಲೋ, ಡಬ್ಬಿ 300 ಗ್ರಾಂ. ದರ ಮೂರೂವರೆ ಕಿಲೋದ್ದು, 240 ರೂಪಾಯಿ; ತೆರಿಗೆ ಸೇರಿ 283 ರೂಪಾಯಿ 20 ಪೈಸೆ. ಉಳಿದದ್ದು 141 ರೂಪಾಯಿ 60 ಪೈಸೆ. ಒಬ್ಬ ಗಿರಾಕಿ, ಒಂದು ವಾರ. ಧಾರಣಿ ಬಿದ್ದ ದಿನ ಒಂದು ಚೀಲ ಲಿಂಬಿಯಲ್ಲಿ ನಿಮ್ಮ ಕೈಗೆ ಎಷ್ಟು ಉಳಿಯುತ್ತದೆ, ನೀವೇ ಹೇಳ್ರಿ.

ಇನ್ನೊಂದು ಮಾತು. ಮೂರೂವರೆ ಕಿಲೋದ ದರ ಕೊಟ್ಟ ಮೇಲೆ ಡಬ್ಬಿಯ ತೂಕ 3 ಕಿಲೋ 300 ಗ್ರಾಂ ಆದರೆ, 200 ಗ್ರಾಂ ಜಾಗಕ್ಕೆ ನೀವು ರೊಕ್ಕ ಕೊಟ್ಟೀರಿ. ಅದನ್ನು ಖಾಲಿ ಯಾಕೆ ಕಳಿಸ್ತೀರಿ? ಮೂರು ನಾಲ್ಕು ಲಿಂಬಿ ಕೊಸರು ಹಾಕ್ರಿ. ನಮ್ಮ ಸಂತಿಯಾಗ ಕೊಸರು ಇಲ್ಲದೆ ಯಾವ ಮುದುಕಿಯೂ ಬದನಿಕಾಯಿ ಕೊಳ್ಳುವುದಿಲ್ಲ. ಬೆಂಗಳೂರಿಗೆ ಹೋದ ಮಾತ್ರಕ್ಕೆ ನಮ್ಮ ಜನ ಅದನ್ನು ಮರೆತಿಲ್ಲ. ತೂಕ ಗಡಿ ದಾಟದಂತೆ ಮನೆಯಲ್ಲೇ ತೂಗಿ ಹಾಕಬೇಕು. 20 ಗ್ರಾಂ ದಾಟಿದರೆ ಕೊಸರಿನ ಕಿಮ್ಮತ್ತು 30 ರೂಪಾಯಿ ಆಗುತ್ತದೆ.

ಇಲ್ಲಿಯ ತನಕ ಒಂದೇ ಮನೆಯ ಮಾಲಿನ ಮಾತಾಯಿತು. ಕಠಿಣ ಇರುವುದು ಮುಂದೆ. ಹಳ್ಳಿಯಲ್ಲಿ ಎಲ್ಲ ಮಾಲೂ ಒಂದೇ ಮನೆಯಲ್ಲಿ ಇರುವುದಿಲ್ಲ. ಲಿಂಬಿ ನಿಮ್ಮ ತೋಟದ್ದು, ಹಿಂಡಿ ಪಕ್ಕದ ಮನೆಯ ಅಕ್ಕನದು, ರೊಟ್ಟಿ ಸ್ವಸಹಾಯ ಸಂಘದ ತಾಯಂದಿರದು. ಗಿರಾಕಿ ಮಾತ್ರ ಒಬ್ಬನೇ. ಮೂವರೂ ಕೂಡಿ ಒಂದೇ ಗಂಟು ಕಟ್ಟಿದರೆ ಖರ್ಚು ಹೆಂಗ ಹಂಚಬೇಕು? ಕೂಡಿ ಮಾಡಿದ ಕೆಲಸ ಎಷ್ಟೋ ಊರಲ್ಲಿ ಇದೇ ಪ್ರಶ್ನೆಯ ಮೇಲೆ ಮುರಿದು ಬೀಳುತ್ತದೆ.

ಲಿಂಬಿ 2 ಕಿಲೋ, ಹಿಂಡಿ ಅರ್ಧ ಕಿಲೋ, ರೊಟ್ಟಿ ಅರ್ಧ ಕಿಲೋ ಅಂತ ಹಿಡಿಯೋಣ. ಬೇರೆ ಬೇರೆ ಕಳಿಸಿದ್ದರೆ ಡಬ್ಬಿಯ ತೂಕ ಸೇರಿ ಲಿಂಬಿಗೆ ಎರಡೂವರೆ ಕಿಲೋದ ದರ 180 ರೂಪಾಯಿ, ಹಿಂಡಿಗೆ ಒಂದು ಕಿಲೋದ ದರ 90, ರೊಟ್ಟಿಗೂ 90. ಒಟ್ಟು 360. ಕೂಡಿಸಿ ಕಟ್ಟಿದರೆ 3 ಕಿಲೋ 400 ಗ್ರಾಂ, ದರ 240. (ತೆರಿಗೆ ಬಿಟ್ಟು ಹೇಳ್ತಿದ್ದೇನೆ, ಲೆಕ್ಕ ಹಗುರ ಆಗಲಿ ಅಂತ.) ಈಗ ಒಬ್ಬರು, "ಮೂರು ಮನಿ, ಸಮಪಾಲು, ತಲಾ 80" ಅಂತಾರ. ಕೇಳಲಿಕ್ಕೆ ಬಹಳ ಚಂದ. ಆದರೆ ಲಿಂಬಿಯವನಿಗೆ 100 ಉಳಿಯಿತು, ಹಿಂಡಿಯ ಅಕ್ಕನಿಗೆ 10 ಉಳಿಯಿತು. ಇನ್ನೊಬ್ಬರು, "ತೂಕದ ಮೇಲೆ ಹಂಚ್ರಿ" ಅಂತಾರ. ಆಗ ಲಿಂಬಿಯವನಿಗೆ 160 ಬೀಳುತ್ತದೆ, ಉಳಿದ ಇಬ್ಬರಿಗೆ ತಲಾ 40. ಲಿಂಬಿಯವನು 20 ಉಳಿಸಿಕೊಂಡು, ಮುಂದಿನ ವಾರ ಬರುವುದೇ ಇಲ್ಲ.

ನನಗೆ ಸರಿ ಕಾಣುವುದು ಮೂರನೆಯ ರೀತಿ. ಒಬ್ಬೊಬ್ಬರೇ ಕಳಿಸಿದ್ದರೆ ಎಷ್ಟು ಬೀಳುತ್ತಿತ್ತೋ ಅದೇ ಪ್ರಮಾಣದಲ್ಲಿ ಹಂಚುವುದು. 180, 90, 90 ಅಂದರೆ ಎರಡು ಪಾಲು, ಒಂದು ಪಾಲು, ಒಂದು ಪಾಲು. 240ರಲ್ಲಿ ಲಿಂಬಿಗೆ 120, ಹಿಂಡಿಗೆ 60, ರೊಟ್ಟಿಗೆ 60. ಪ್ರತಿಯೊಬ್ಬರಿಗೂ ತಮ್ಮ ಖರ್ಚಿನ ಮೂರನೆಯ ಒಂದು ಪಾಲು ಉಳಿಯಿತು. ಯಾರೂ ಯಾರಿಗೂ ಉಪಕಾರ ಮಾಡಿದಂತೆ ಆಗಲಿಲ್ಲ. ಈ ಲೆಕ್ಕಕ್ಕೆ ಐದು ನಿಮಿಷ ಬೇಕು, ಹರಿದ ಪಾವತಿಯ ಹಿಂದೆಯೇ ಬರೆದು ಇಡಬಹುದು.

ರೊಟ್ಟಿಯ ಬಗ್ಗೆ ಒಂದು ಎಚ್ಚರ. ರೊಟ್ಟಿ ಹಗುರ, ಆದರೆ ಜಾಗ ತಿನ್ನುತ್ತದೆ. ಕೊರಿಯರ್‌ದವರು ಬಹಳ ಮಂದಿ ತೂಕದ ಜೊತೆ ಡಬ್ಬಿಯ ಅಳತೆಯನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ರಿಂದ ಭಾಗಿಸುತ್ತಾರೆ. ಬಂದದ್ದನ್ನೇ ಕಿಲೋ ಅಂತ ಹಿಡಿದು, ಅದು ಖರೆ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಚ್ಚುತ್ತಾರೆ. 40 ಉದ್ದ, 30 ಅಗಲ, 25 ಎತ್ತರದ ಡಬ್ಬಿ ಅಂದರೆ 6 ಕಿಲೋ ಆಯಿತು, ಒಳಗೆ ಮೂರೂವರೆ ಕಿಲೋ ಇದ್ದರೂ. ಇಂಥ ಕಡೆ ಕೂಡಿಸಿ ಕಟ್ಟುವುದೇ ನಷ್ಟ ಆಗಬಹುದು. ರೊಟ್ಟಿಯ ಸಲುವಾಗಿ ಡಬ್ಬಿ ದೊಡ್ಡದಾದರೆ ಆ ಹೆಚ್ಚಿನ ಖರ್ಚು ರೊಟ್ಟಿಯ ಲೆಕ್ಕಕ್ಕೇ ಹೋಗಬೇಕು. ತಾಯಂದಿರು ಸಿಟ್ಟಾಗಬ್ಯಾಡ್ರಿ, ರೊಟ್ಟಿಯನ್ನು ಒತ್ತಾಗಿ ಜೋಡಿಸಿ, ನೀವೇ ಡಬ್ಬಿ ಸಣ್ಣದು ಮಾಡಿದರೆ ಲಾಭವೂ ನಿಮ್ಮದೇ.

ಈಗ ನನ್ನ ಮನಸ್ಸಿನಲ್ಲಿರುವ ದೊಡ್ಡ ಮಾತಿಗೆ ಬರುತ್ತೇನೆ. ಗಂಟಿನ ಮೇಲೆ ಕಳಿಸಿದವರ ಹೆಸರು ಅಂತ ಒಂದೇ ಹೆಸರು ಬರೆಯಲಿಕ್ಕೆ ಬರುತ್ತದೆ. ನಂಬರಿನ ಸಂದೇಶವೂ ಒಂದೇ ಮೊಬೈಲಿಗೆ ಬರುತ್ತದೆ. ಗಿರಾಕಿ ಮುಂದಿನ ಸಲ ಫೋನ್ ಮಾಡುವುದು ಯಾರಿಗೆ? ಆ ಹೆಸರಿನವನಿಗೆ. ಆರು ತಿಂಗಳು ಹಿಂಗೇ ನಡೆದರೆ ಹಿಂಡಿಯ ಅಕ್ಕ ಯಾರು, ರೊಟ್ಟಿ ಮಾಡಿದವರು ಯಾರು ಅನ್ನುವುದು ಬೆಂಗಳೂರಿನ ಮನೆಗೆ ಗೊತ್ತೇ ಇರುವುದಿಲ್ಲ. ಆಮೇಲೆ ಅವನು, "ಅಕ್ಕಾ, ಹಿಂಡಿಗೆ ಈ ಸಲ ಇಷ್ಟೇ ಕೊಡ್ತೀನಿ" ಅನ್ನುತ್ತಾನೆ. ಯಾರಿಗೆ ಹೇಳಬೇಕು? ಪ್ಯಾಟಿಯ ದಲಾಲನ ಕೈಯಿಂದ ಪಾರಾಗಬೇಕು ಅಂತ ಹೊರಟವರು, ಊರಾಗಿನ ಸ್ಮಾರ್ಟ್‌ಫೋನ್ ಇದ್ದವನನ್ನು ಹೊಸ ದಲಾಲ ಮಾಡಿಕೊಂಡಂತೆ ಆಗುತ್ತದೆ. ಅವನು ಕೆಟ್ಟವನು ಅಂತ ನಾನು ಅನ್ನುವುದಿಲ್ಲ. ಗಿರಾಕಿಯ ವಿಳಾಸ ಯಾರ ಕೈಯಲ್ಲಿ ಇರುತ್ತದೋ ಧಾರಣಿ ಅವನ ಬಾಯಲ್ಲಿ ಇರುತ್ತದೆ. ವ್ಯಾಪಾರ ನಡೆಯುವುದೇ ಹಂಗ.

ಅದಕ್ಕೆ ಡಬ್ಬಿಯೊಳಗೆ ಪ್ರತಿ ಮಾಲಿನ ಪುಡಿಕೆಯ ಮೇಲೂ ಮಾಡಿದವರ ಹೆಸರು, ಫೋನ್ ನಂಬರ್, ತೂಕ, ಬೆಲೆ ಬರೆದ ಚೀಟಿ ಇರಲೇಬೇಕು. ಹೊರಗೆ ಒಂದು ಹೆಸರು, ಒಳಗೆ ಮೂರು ಹೆಸರು. ಕಟ್ಟಿ ಕಳಿಸಿದವನಿಗೆ ಅವನ ದುಡಿಮೆಯ ರೊಕ್ಕ ಕೊಡಬೇಕು, ಪುಕ್ಕಟೆ ಮಾಡಿಸಬಾರದು. ಗಂಟಿಗೆ ಇಷ್ಟು ರೂಪಾಯಿ ಅಂತ ಮೊದಲೇ ಎಲ್ಲರ ಮುಂದೆ ಮಾತಾಗಲಿ. ಬೆಲೆಯ ಮೇಲೆ ನೂರಕ್ಕೆ ಇಷ್ಟು ಅಂತ ಮಾತ್ರ ಮಾಡಬ್ಯಾಡ್ರಿ. ಅಡತಿ ಶುರುವಾದದ್ದೇ ಹಂಗ. ಎರಡು ಕಿಲೋ ಕಟ್ಟಲಿಕ್ಕೂ ಅದೇ ಅಂಟುಪಟ್ಟಿ ಬೇಕು, ಎರಡು ನೂರರ ಮಾಲಿಗೂ ಎರಡು ಸಾವಿರದ ಮಾಲಿಗೂ ಕೈಕೆಲಸ ಒಂದೇ.

ನಂಬರಿನ ಮಾತು ಬಂತು. ಸ್ಪೀಡ್ ಪೋಸ್ಟಿನ ಪಾವತಿ ಮೇಲೆ 13 ಅಕ್ಷರದ ಒಂದು ನಂಬರ್ ಇರುತ್ತದೆ. ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ 9 ಅಂಕಿ, ಕೊನೆಗೆ ನಮ್ಮ ದೇಶದ ಗುರುತಾಗಿ ಐ ಮತ್ತು ಎನ್. ಆ ಒಂಬತ್ತು ಅಂಕಿಯಲ್ಲಿ ಕೊನೆಯದು ಮೊದಲಿನ ಎಂಟರ ಲೆಕ್ಕದಿಂದ ಬಂದ ತಾಳೆ ಅಂಕಿ. ಒಂದು ಅಂಕಿ ತಪ್ಪಿ ಬರೆದರೆ ಬಹುಮಟ್ಟಿಗೆ ಯಂತ್ರ ಹಿಡಿದು ಬಿಡುತ್ತದೆ. ಎಪಿಎಂಸಿ ಗೇಟಿನಲ್ಲಿ ನಿಮ್ಮ ಮಾಲಿಗೆ ಲಾಟ್ ನಂಬರ್ ಕೊಡುತ್ತಾರಲ್ಲ, ಇದೂ ಅಂಥದ್ದೇ. ಲಾಟ್ ನಂಬರ್ ಕಳೆದುಕೊಂಡವನು ಮಾರ್ಕೆಟ್ಟಿನಲ್ಲಿ ಹೆಂಗ ಓಡಾಡ್ತಾನ ಅನ್ನುವುದು ನಿಮಗೆ ಗೊತ್ತದ. ಮೂರು ಆರ್ಡರಿಗೆ ಒಂದು ಗಂಟು ಅಂದರೆ, ಮೂರೂ ಆರ್ಡರಿನ ಎದುರಿಗೆ ಅದೇ ನಂಬರನ್ನು ಮೂರು ಸಲ ಬರೆಯಬೇಕು. ಒಂದಕ್ಕೆ ಬರೆದು ಉಳಿದ ಎರಡಕ್ಕೆ ಬಿಟ್ಟರೆ, ಎಂಟು ದಿನದ ಮೇಲೆ ನೀವೇ, "ಈ ಹಿಂಡಿ ಕಳಿಸೀವೋ ಇಲ್ಲೋ?" ಅಂತ ತಲಿ ಕೆರೆದುಕೊಳ್ಳುತ್ತೀರಿ, ಮತ್ತೊಂದು ಸಲ ಕಳಿಸಿಯೂ ಬಿಡುತ್ತೀರಿ.

ವಹಿಯಲ್ಲಿ ಆರ್ಡರಿಗೆ ಒಂದು ಪುಟ ಅಂತ ಇಡಬ್ಯಾಡ್ರಿ, ಗಿರಾಕಿಗೆ ಒಂದು ಪುಟ ಇಡ್ರಿ. ಮೇಲೆ ವಿಳಾಸ, ಪಿನ್ ಕೋಡ್, ಆ ಮನೆಯವರ ಎಲ್ಲ ಫೋನ್ ನಂಬರ್. ಗಂಡನ ನಂಬರ್, ಹೆಂಡತಿ ನಂಬರ್, ಮಗಳ ನಂಬರ್, ಎಲ್ಲಾ ಒಂದೇ ಪುಟದಾಗ. ಹೆಸರು ನೋಡಿ ಕೂಡಿಸಲಿಕ್ಕೆ ಹೋದರೆ ಮೋಸ ಆಗುತ್ತದೆ. ನಮ್ಮ ಕಡೆ ಪಾಟೀಲ, ಬಿರಾದಾರ ಅನ್ನುವ ಹೆಸರು ಎಷ್ಟು ಮನೆಗಳಿಗಿಲ್ಲ? ಮನೆ ನಂಬರೂ ಪಿನ್ ಕೋಡೂ ತಾಳೆಯಾದರೆ ಮಾತ್ರ ಒಂದೇ ಮನೆ. ಆಗಲೂ ಒಂದು ಮಾತು ಕೇಳ್ರಿ: "ಎರಡೂ ಕೂಡಿಸಿ ಕಳಿಸಲೇನ್ರಿ?" ಒಂದೊಂದು ಸಲ ಎರಡನೆಯದು ಬೀಗರ ಮನೆಗೆ ಇರುತ್ತದೆ.

ಎಷ್ಟು ದಿನ ಕಾಯಬೇಕು? ಇದಕ್ಕೆ ಮಾಲೇ ಉತ್ತರ ಹೇಳುತ್ತದೆ. ಒಣದ್ರಾಕ್ಷಿ, ಜ್ವಾಳ, ಹಿಂಡಿ ಕಾಯುತ್ತವೆ, ಲಿಂಬಿ ಕಾಯುವುದಿಲ್ಲ. ವಾರದಲ್ಲಿ ಎರಡು ದಿನ ಗೊತ್ತು ಮಾಡಿ, ಸೋಮವಾರ ಮತ್ತು ಗುರುವಾರ ಅನ್ನೋಣ, ಹಿಂದಿನ ರಾತ್ರಿ ತನಕ ಬಂದದ್ದೆಲ್ಲ ಒಂದು ಗಂಟಿಗೆ, ಆಮೇಲೆ ಬಂದದ್ದು ಮುಂದಿನ ಗಂಟಿಗೆ ಅಂತ ಗಿರಾಕಿಗೆ ಮೊದಲೇ ಹೇಳಿಬಿಡ್ರಿ. ಲಿಂಬಿ ಇದ್ದ ಗಂಟು ಶನಿವಾರ ಕಳಿಸಿದರೆ ಭಾನುವಾರ ಎಲ್ಲೋ ಒಂದು ಕಡೆ ಮುಚ್ಚಿದ ಕೋಣೆಯಾಗ ಕುಂತು ಬೆವರುತ್ತದೆ. ಇನ್ನೂ ಹರಿಯದ ಲಿಂಬಿ ಗಿಡದ ಮೇಲೆ ಕಾಯಲಿ. ಹರಿದು ಪುಟ್ಟಿಯಲ್ಲಿ ಇಟ್ಟು ಎರಡನೆಯ ಆರ್ಡರ್ ಬರಲಿ ಅಂತ ಕಾಯುವುದು ಮೂರ್ಖತನ. ಅಂಚೆ ಖರ್ಚು ಉಳಿಸಲಿಕ್ಕೆ ಹೋಗಿ ಕೊಳೆತ ಕಾಯಿ ಕಳಿಸಿದರೆ ಗಿರಾಕಿಯೂ ಹೋತು, ಊರಿನ ಹೆಸರೂ ಹೋತು.

ಲಿಂಬಿಯನ್ನು ರೊಟ್ಟಿ ಜೊತೆ ಹಂಗೇ ಇಡಬಾರದು, ಇದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಕಾಯಿ ಉಸಿರಾಡುತ್ತದೆ, ಪಸಿ ಬಿಡುತ್ತದೆ, ಖಡಕ್ ರೊಟ್ಟಿ ಮೆತ್ತಗಾಗುತ್ತದೆ. ಲಿಂಬಿಯ ಭಾಗಕ್ಕೆ ಗಾಳಿಯಾಡುವ ತೂತು ಇರಲಿ, ನಡುವೆ ರಟ್ಟಿನ ಅಡ್ಡಗೋಡೆ ಇರಲಿ, ರೊಟ್ಟಿ ಮತ್ತು ಹಿಂಡಿ ಗಾಳಿ ಹೋಗದ ಚೀಲದಲ್ಲಿ ಇರಲಿ. ಭಾರದ್ದು ಕೆಳಗೆ, ಮುರಿಯುವುದು ಮೇಲೆ. ಮಾವಿನ ಬೆಳೆಗಾರರು ಇದನ್ನು ನಮಗಿಂತ ಮೊದಲು ಕಲಿತರು. 2019ರಿಂದ ರಾಜ್ಯದ ಮಾವು ನಿಗಮ ಮತ್ತು ಅಂಚೆ ಇಲಾಖೆ ಕೂಡಿ ಬೆಂಗಳೂರಿನ ಮನೆಗಳಿಗೆ ಮಾವು ಮುಟ್ಟಿಸುವ ಏರ್ಪಾಟು ಮಾಡಿದಾಗ, ಮೂರು ಕಿಲೋದ ಡಬ್ಬಿ ಅಂತ ಒಂದು ಅಳತೆ ಹಿಡಿದರು. ಡಬ್ಬಿಯ ಅಳತೆ ಗೊತ್ತಿದ್ದರೆ ದರ ಗೊತ್ತು, ದರ ಗೊತ್ತಿದ್ದರೆ ಬೆಲೆ ಹೇಳುವಾಗ ನಾಲಿಗೆ ತಡವರಿಸುವುದಿಲ್ಲ. ನಾವೂ ಎರಡು ಅಳತೆಯ ಡಬ್ಬಿ ಇಟ್ಟುಕೊಂಡರೆ ಸಾಕು.

ರೊಕ್ಕದ ಬಗ್ಗೆ. ಕಾಗದ ಕೊಟ್ಟು ರೊಕ್ಕ ತಗೊಳ್ಳುವ ವಿ.ಪಿ. ಪದ್ಧತಿ ನಮ್ಮ ಅಂಚೆಯಲ್ಲಿ 1877ರಿಂದ ಬಂದದ್ದು. ನಮ್ಮ ಹಿರಿಯರು ಬೀಜ, ಪುಸ್ತಕ ಎಲ್ಲಾ ಹಂಗೇ ತರಿಸುತ್ತಿದ್ದರು. ಬಾಗಿಲಲ್ಲಿ ರೊಕ್ಕ ಕೊಡುತ್ತೇನೆ ಅನ್ನುವ ಗಿರಾಕಿ ಈಗಲೂ ಇದ್ದಾನೆ. ಮೂರು ಗಂಟು ಅಂದರೆ ಮೂರು ದಿನ ಮೂರು ಸಲ ಬಾಗಿಲು ಬಡಿಯಬೇಕು, ಒಂದು ಸಲವಾದರೂ ಮನೆಯಲ್ಲಿ ಯಾರೂ ಇರುವುದಿಲ್ಲ, ಲಿಂಬಿ ತಿರುಗಿ ಅಗರಖೇಡಕ್ಕೆ ಬರುತ್ತದೆ. ಒಂದು ಗಂಟು ಅಂದರೆ ಒಂದೇ ಸಲ, ಒಂದೇ ರಕಮು. ಆದರೆ ಒಂದೇ ರಕಮು ಬಂದ ಮೇಲೆ ಅದನ್ನು ಅದೇ ದಿನ ಮೂರು ಮನೆಗೆ ಹಂಚಬೇಕು, "ಮುಂದಿನ ವಾರ ಕೂಡಿಸಿ ಕೊಡ್ತೀನಿ" ಅನ್ನಬಾರದು. ಗಂಟು ಕೂಡಿಸಬಹುದು, ಬಾಕಿ ಕೂಡಿಸಬಾರದು. ಬಾಕಿ ಕೂಡುತ್ತಾ ಹೋದರೆ ಏನಾಗುತ್ತದೆ ಅನ್ನುವುದನ್ನು ಸಕ್ಕರಿ ಕಾರ್ಖಾನಿಗೆ ಕಬ್ಬು ಹಾಕಿದವರು ಹೇಳ್ತಾರ.

ಒಂದು ಗಂಟು ಕಳೆದರೆ ಮೂರೂ ಮನೆಯ ಮಾಲು ಹೋಗುತ್ತದಲ್ಲ ಅಂತ ಹಿಂದೆ ಕುಂತವರು ಕೇಳ್ತಿದ್ದಾರೆ. ಖರೆ, ಇದೊಂದು ತೊಡಕು. ವಿಮೆ ಮಾಡಿಸದ ಗಂಟಿಗೆ ಸಿಗುವ ಪರಿಹಾರ ಮಾಲಿನ ಕಿಮ್ಮತ್ತಿನ ಲೆಕ್ಕದ್ದಲ್ಲ. ಗಂಟಿನ ಕಿಮ್ಮತ್ತು ದೊಡ್ಡದಾದರೆ ವಿಮೆ ಮಾಡಿಸ್ರಿ, ಇಲ್ಲಾ ಎರಡು ಗಂಟು ಮಾಡ್ರಿ. ಹತ್ತಿಪ್ಪತ್ತು ಕಿಲೋ ಜ್ವಾಳ ಕೇಳಿದವನಿಗೆ ಅಂಚೆ ಬ್ಯಾಡ. 2021ರಲ್ಲಿ ಶುರುವಾದ ಸರ್ಕಾರಿ ಬಸ್ಸಿನ ನಮ್ಮ ಕಾರ್ಗೋದಲ್ಲಿ ಹಾಕುವ ವಿಚಾರ ಮಾಡ್ರಿ, ಆದರೆ ಅಲ್ಲಿ ಗಿರಾಕಿಯೇ ಬಸ್ ನಿಲ್ದಾಣಕ್ಕೆ ಬಂದು ಒಯ್ಯಬೇಕು ಅನ್ನುವುದನ್ನು ಮೊದಲೇ ಒಪ್ಪಿಸಿಕೊಳ್ಳಬೇಕು. ಇನ್ನು, ಒಂದೇ ಗಂಟಿನಲ್ಲಿ ಹಿಂಡಿ ಮಾತ್ರ ಕೆಟ್ಟು ಬಂತು ಅಂತ ಗಿರಾಕಿ ದೂರಿದರೆ, ಒಳಗಿನ ಚೀಟಿ ನೋಡಿ ಹಿಂಡಿಯ ಬೆಲೆ ಅಷ್ಟೇ ತಿರುಗಿ ಕೊಡಬೇಕು. ಚೀಟಿ ಇಲ್ಲದಿದ್ದರೆ ಅವನು ಅರ್ಧ ರೊಕ್ಕ ಹಿಡಿಯುತ್ತಾನೆ, ಆ ಅರ್ಧ ಯಾರ ಪಾಲಿಗೆ ಅಂತ ನಾವು ಇಲ್ಲಿ ಕಟ್ಟಿಯ ಮೇಲೆ ಕುಂತು ಜಗಳಾಡುತ್ತೇವೆ.

ಅಂಚೆಯವರೇ 2025ರಲ್ಲಿ ರಜಿಸ್ಟರ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಕೂಡಿಸಿಬಿಟ್ಟರು. ಈಗ ರಜಿಸ್ಟರ್ ಪಾರ್ಸಲ್ ಮಾಡ್ರಿ ಅಂತ ಹಳೆಯ ರೂಢಿಯಲ್ಲಿ ಕೇಳಿದರೆ ಕೌಂಟರಿನವರು ಬೇರೆ ಮಾತು ಹೇಳಬಹುದು. ನಾಳೆ ಅಂಚೆ ಕಚೇರಿಗೆ ಹೋಗುವವರು ನಾಲ್ಕು ಮಾತು ಕೇಳಿಕೊಂಡು ಬರ್ರಿ. ಬೆಂಗಳೂರಿಗೆ ಮೊದಲ ಪಾವಟಿಗೆ ಎಷ್ಟು, ಮುಂದಿನದು ಎಷ್ಟು? ಡಬ್ಬಿಯ ಅಳತೆ ಹಿಡಿಯುತ್ತಾರೋ, ಬರೇ ತೂಕವೋ? ಇಲ್ಲಿ ಊರಲ್ಲೇ ಎಷ್ಟು ಕಿಲೋ ತನಕ ತಗೋತಾರ, ಯಾವುದಕ್ಕೆ ಇಂಡಿಗೆ ಹೋಗಬೇಕು? ಚೀಲ ಹೊರಡುವ ವೇಳೆ ಎಷ್ಟು ಗಂಟೆ? ಕೊನೆಯದನ್ನು ಮರೆಯಬ್ಯಾಡ್ರಿ. ಚೀಲ ಹೋದ ಮೇಲೆ ಕೊಟ್ಟ ಗಂಟು ಒಂದು ರಾತ್ರಿ ಇಲ್ಲೇ ಮಲಗುತ್ತದೆ.

ವಹಿ ತಂದವರು ಮುಂದೆ ಬರ್ರಿ. ಹೋದ ತಿಂಗಳ ಪಾವತಿ ಇದ್ದರೆ ಅವನ್ನೂ ತೆಗೀರಿ, ಒಂದೇ ವಿಳಾಸಕ್ಕೆ ಎಷ್ಟು ಹೋಗ್ಯಾವ ಅಂತ ಕೂಡಿಸಿ ನೋಡೋಣ.